ಮುಂಬಯಿಯ ಕಲ್ಲು, ನಮ್ಮ ಹೊಲದ ಹತ್ತಿ

ಒಂದೇ ದಿನದಲ್ಲಿ ಮುಂಬಯಿ ನೋಡಬೇಕು ಅಂತ ಯಾರನ್ನೇ ಕೇಳಿ, ಒಂದು ಪಟ್ಟಿ ಕೊಡುತ್ತಾರೆ. ಗೇಟ್‌ವೇ, ಮರೀನ್ ಡ್ರೈವ್, ಹಾಜಿ ಅಲಿ, ಸಿದ್ಧಿವಿನಾಯಕ, ಜುಹು ಬೀಚ್. ಸಮಯ ಉಳಿದರೆ ಬಾಂದ್ರಾದಲ್ಲಿ ಯಾರಾದರೂ ಸಿನಿಮಾ ನಟರ ಮನೆ ಮುಂದೆ ಒಂದು ಫೋಟೊ. ಈ ಪಟ್ಟಿ ಹಿಡಿದು ಹೊರಟರೆ ಅರ್ಧ ದಿನ ಟ್ಯಾಕ್ಸಿಯಲ್ಲೇ ಹೋಗುತ್ತದೆ. ಸಂಜೆ ರೂಮಿಗೆ ಬಂದಾಗ ಫೋನಿನ ತುಂಬ ಚಿತ್ರ ಇರುತ್ತವೆ. ಊರು ಹೇಗಿತ್ತು ಅಂತ ಯಾರಾದರೂ ಕೇಳಿದರೆ ಮಾತ್ರ ಹೇಳೋಕೆ ಏನೂ ಇರುವುದಿಲ್ಲ.

ಹಾಗಾಗಿ ಈ ಸಲ ಕೈಗೆ ಸಿಕ್ಕ ಒಂದು ಪೂರ್ತಿ ದಿನವನ್ನು ನಾನು ಒಂದೇ ವಸ್ತುವಿನ ಹಿಂದೆ ಕಳೆದೆ. ಅದು ಹತ್ತಿ.

ನಮ್ಮದು ಧಾರವಾಡದ ಕಡೆಯ ಎರೆ ಭೂಮಿ. ಅಜ್ಜನ ಕಾಲದಲ್ಲಿ ಹೊಲದಲ್ಲಿ ಜಯಧರ ಹತ್ತಿ ಇರುತ್ತಿತ್ತು. ಹತ್ತಿ ಬಿಡಿಸುವ ದಿನಗಳಲ್ಲಿ ಮನೆಯ ಪಡಸಾಲೆ ತುಂಬ ಬಿಳಿ ರಾಶಿ. 'ನಮ್ಮ ಹತ್ತಿ ಬೊಂಬಾಯಿಗೆ ಹೋಗ್ತಿತ್ತು' ಅನ್ನುವ ಮಾತು ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದು ಅಜ್ಜನ ಅಜ್ಜನ ಕಾಲದ ಮಾತು, ರೈಲು ಇಲ್ಲದ ಕಾಲದ್ದು. ಹೋದ ಹತ್ತಿ ಅಲ್ಲಿ ಏನಾಯಿತು ಅಂತ ಯಾರೂ ಹೇಳಿರಲಿಲ್ಲ. ನಾನು ಓದಿಕೊಂಡು ತಿಳಿದದ್ದನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಬಹಳ ದಿನದಿಂದ ಇತ್ತು.

ಮೊದಲು ಕಥೆಯ ಬುಡ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೀ ಕಟ್ಟಡಗಳ ವರ್ಣನೆಯಾಗುತ್ತದೆ. 1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಆ ಬಂದರುಗಳಿಂದಲೇ ಬರುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಗುಲಾಮರು. ಆ ಹತ್ತಿ ನಿಂತಿತು, ಗಿರಣಿಗಳು ಬಾಗಿಲು ಹಾಕಿದವು, ಲಕ್ಷಗಟ್ಟಲೆ ಜನರ ಕೆಲಸ ಹೋಯಿತು. ಆಗ ಇಂಗ್ಲೆಂಡಿನ ಕಣ್ಣು ಬಿದ್ದದ್ದು ನಮ್ಮ ಹತ್ತಿಯ ಮೇಲೆ. ಎಳೆ ಗಿಡ್ಡ, ಕಸ ಜಾಸ್ತಿ ಅಂತ ಅಲ್ಲಿಯವರೆಗೆ ಮೂಗು ಮುರಿಯುತ್ತಿದ್ದವರು ಕೇಳಿದಷ್ಟು ಬೆಲೆ ಕೊಟ್ಟು ಕೊಳ್ಳತೊಡಗಿದರು. ನಾಲ್ಕೈದು ವರ್ಷದಲ್ಲಿ ಮುಂಬಯಿಗೆ ಹೆಚ್ಚುವರಿಯಾಗಿ ಏಳು ಕೋಟಿ ಪೌಂಡಿಗೂ ಮೀರಿ ಹಣ ಹರಿದು ಬಂತು ಅಂತ ಅಂದಾಜು. ಜನ ಹಾಸಿಗೆ ಬಿಚ್ಚಿ ಒಳಗಿನ ಹತ್ತಿ ತೆಗೆದು ಮಾರಿದರು ಅಂತ ಕೂಡ ಹೇಳುತ್ತಾರೆ. ಈವತ್ತು ನಾವು ಹೋಗಿ ಬಾಯಿ ಬಿಟ್ಟು ನೋಡುವ ಹಳೆಯ ಮುಂಬಯಿಯ ದೊಡ್ಡ ಪಾಲು ಎದ್ದು ನಿಂತದ್ದು ಆ ಹಣದಿಂದ, ಆ ಹಣ ಹುಟ್ಟಿಸಿದ ಹುಮ್ಮಸ್ಸಿನಿಂದ.

ಬೆಳಗಿನ ಜಾವ ಕೊಲಾಬಾದ ಸಸೂನ್ ಡಾಕ್‌ಗೆ ಹೋದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಗೇಟಿನ ಹೊರಗಿನಿಂದಲೇ ವಾಸನೆ, ಒಳಗೆ ಹೋದರೆ ಕಾಲಿನ ಕೆಳಗೆ ನೀರು, ಐಸು, ಮೀನಿನ ಪೊರೆ. ಬುಟ್ಟಿ ಹೊತ್ತ ಹೆಂಗಸರು 'ಬಾಜೂ, ಬಾಜೂ' ಅಂತ ಕೂಗುತ್ತಾ ನುಗ್ಗುತ್ತಾರೆ. ದಾರಿ ಬಿಡದಿದ್ದರೆ ಬೈಗುಳ ಖಂಡಿತ. ಒಂದು ಕಡೆ ನೆಲದ ಮೇಲೆ ಸಾಲಾಗಿ ಕುಳಿತು ಸೀಗಡಿ ಬಿಡಿಸುತ್ತಿದ್ದರು. ನಾನು ಅಲ್ಲಿ ಸುಮಾರು ಹೊತ್ತು ನಿಂತೆ. ಎಡಗೈಯಲ್ಲಿ ಸೀಗಡಿ ಎತ್ತಿಕೊಳ್ಳುವುದು, ಬಲಗೈ ಹೆಬ್ಬೆರಳಿಂದ ತಲೆ ಮುರಿಯುವುದು, ಸಿಪ್ಪೆ ಎಳೆಯುವುದು, ಬೋಗುಣಿಗೆ ಹಾಕುವುದು. ಕಣ್ಣು ಕೈಯ ಮೇಲಿಲ್ಲ, ಪಕ್ಕದವಳ ಜತೆ ಮಾತು ನಡೆದೇ ಇದೆ. ಹತ್ತಿಕಾಯಿಂದ ಅರಳೆ ಎಳೆಯುವಾಗ ನಮ್ಮ ಕಡೆಯ ಹೆಂಗಸರ ಕೈಯೂ ಹೀಗೇ ಓಡುತ್ತಿತ್ತು.

ಈ ಹಡಗುಕಟ್ಟೆ ಕಟ್ಟಿದ್ದು ಮೀನಿಗಾಗಿ ಅಲ್ಲ. 1875ರಲ್ಲಿ ಬಾಗ್ದಾದ್ ಮೂಲದ ಯಹೂದಿ ವ್ಯಾಪಾರಿ ಮನೆತನವಾದ ಸಸೂನರು ಇದನ್ನು ಕಟ್ಟಿದರು. ಮುಂಬಯಿಯಲ್ಲಿ ಸಮುದ್ರದ ಉಬ್ಬರವಿಳಿತದ ಚಿಂತೆ ಇಲ್ಲದೆ ಹಡಗು ನಿಲ್ಲಿಸಬಹುದಾಗಿದ್ದ ಮೊದಲ ಡಾಕ್ ಇದು. ಹತ್ತಿಮಾರುಕಟ್ಟೆ ಆಗ ಕೊಲಾಬಾದಲ್ಲೇ ಇತ್ತು. ಹತ್ತಿಯ ಅಂಡಿಗೆಗಳು, ಅಂದರೆ ಒತ್ತಿ ಕಟ್ಟಿದ ಮೂಟೆಗಳು, ಇಲ್ಲಿಂದ ಹಡಗು ಹತ್ತುತ್ತಿದ್ದವು. ಸಸೂನರ ಹಣದಲ್ಲಿ ಹತ್ತಿಯ ಜತೆ ಚೀನಾಕ್ಕೆ ಕಳಿಸಿದ ಅಫೀಮಿನ ಹಣವೂ ಇತ್ತು. ಮುಂಬಯಿಯ ಹಳೆಯ ದೊಡ್ಡ ಹೆಸರುಗಳಲ್ಲಿ ಬಹಳಷ್ಟು ಜನರ ಕಥೆಯಲ್ಲಿ ಅಫೀಮು ಇದೆ. ಹತ್ತಿಯ ಬಗ್ಗೆ ಮಾತ್ರ ಹೇಳಿ ಅದನ್ನು ಬಿಟ್ಟರೆ ಸರಿಯಾಗುವುದಿಲ್ಲ.

ಅಲ್ಲಿಂದ ಬಸ್ಸು ಹಿಡಿದು ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ಬಂದೆ. ನಡಿಗೆ ಶುರು ಮಾಡಿದ್ದು ಅಲ್ಲಿಂದ.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಗ್ಗೆ ಎಲ್ಲರಿಗೂ ಗೊತ್ತು. ಎಫ್. ಡಬ್ಲ್ಯೂ. ಸ್ಟೀವನ್ಸ್ ಅದರ ವಾಸ್ತುಶಿಲ್ಪಿ. 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ಹಿಡಿಯಿತು. 2004ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಲೋಕಲ್‌ನಿಂದ ಇಳಿದವರು ಇದನ್ನು ಎಂದೂ ತಲೆ ಎತ್ತಿ ನೋಡುವುದಿಲ್ಲ, ಅವರಿಗೆ ಪುರುಸೊತ್ತಿಲ್ಲ. ನಮಗೆ ಇದೆ. ಎದುರಿನ ಫುಟ್‌ಪಾತಿನಲ್ಲಿ ನಿಂತು ಕಂಬಗಳ ತುದಿಗಳನ್ನು ಒಂದೊಂದಾಗಿ ನೋಡಿದೆ. ಕಲ್ಲಿನ ಎಲೆ, ಬಳ್ಳಿ, ನವಿಲು, ಮಂಗ, ಹಲ್ಲಿ. ಗೇಟಿನ ಒಂದು ಕಂಬದ ಮೇಲೆ ಇಂಗ್ಲೆಂಡಿನ ಸಿಂಹ, ಇನ್ನೊಂದರ ಮೇಲೆ ಭಾರತದ ಹುಲಿ. ಈ ಕೆತ್ತನೆಯಲ್ಲಿ ಬಹಳಷ್ಟು ಮಾಡಿದ್ದು ಹತ್ತಿರದ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು. ಹೆಸರು ಉಳಿದಿದ್ದು ಸ್ಟೀವನ್ಸ್‌ದು. ಆದರೆ ಆ ಹಲ್ಲಿಯ ಬಾಲ ಹೇಗೆ ತಿರುಗಬೇಕು ಅಂತ ಉಳಿ ಹಿಡಿದು ತೀರ್ಮಾನಿಸಿದವನು ಯಾರೋ ಇಲ್ಲಿಯ ಹುಡುಗ. ಅದನ್ನು ನೆನೆದರೆ ನನಗೆ ಕಟ್ಟಡ ಹತ್ತಿರದ್ದು ಅನಿಸುತ್ತದೆ.

ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಇದೇ ಜಾಗದ ಬೋರಿ ಬಂದರಿನಿಂದ ಠಾಣೆಗೆ ಓಡಿತು ಅಂತ ಶಾಲೆಯಲ್ಲಿ ಓದಿದ್ದೇವೆ. ರೈಲು ಯಾಕೆ ಬಂತು ಅನ್ನುವುದನ್ನು ಅಷ್ಟಾಗಿ ಓದಿರುವುದಿಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗಾಗಿ ಲಂಡನ್ನಿನಲ್ಲಿ ಒತ್ತಾಯ ಮಾಡಿದವರಲ್ಲಿ ಮುಂದೆ ಇದ್ದವರು ಮ್ಯಾಂಚೆಸ್ಟರಿನ ಹತ್ತಿ ಧಣಿಗಳು. ಒಳನಾಡಿನ ಹತ್ತಿ ಮಳೆಯಲ್ಲಿ ನೆನೆಯದೆ, ಎತ್ತಿನ ಬೆನ್ನ ಮೇಲೆ ತಿಂಗಳುಗಟ್ಟಲೆ ಕಳೆಯದೆ ಬಂದರಿಗೆ ಬರಬೇಕಿತ್ತು. 1863ರಲ್ಲಿ ಭೋರ್ ಘಾಟಿನ ಹಳಿ ಮುಗಿಯಿತು. ಆ ಬೆಟ್ಟ ಕೊರೆಯುವಾಗ ಸಾವಿರಾರು ಕೂಲಿಗಳು ಸತ್ತರು. ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಬರುವವರು ಮಲಗಿಕೊಂಡೇ ಆ ಘಾಟ್ ಇಳಿದುಬಿಡುತ್ತಾರೆ.

ನಮ್ಮ ಕಡೆಗೆ ಮಾತ್ರ ಆಗ ರೈಲು ಇರಲಿಲ್ಲ. ಹುಬ್ಬಳ್ಳಿ, ಗದಗಿಗೆ ಹಳಿ ಬಂದದ್ದು 1880ರ ದಶಕದಲ್ಲಿ. ಅಲ್ಲಿಯವರೆಗೆ ಧಾರವಾಡ ಸೀಮೆಯ ಹತ್ತಿ ಎತ್ತು, ಬಂಡಿಗಳ ಮೇಲೆ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. ಅಲ್ಲಿಂದ ಮಚವೆ ಅನ್ನುವ ಹಾಯಿ ದೋಣಿಗಳಲ್ಲಿ ಮುಂಬಯಿಗೆ. ಎಷ್ಟರ ಮಟ್ಟಿಗೆ ಅಂದರೆ ಮುಂಬಯಿ ಪೇಟೆಯ ದರಪಟ್ಟಿಯಲ್ಲಿ, ಆಮೇಲೆ ಲಿವರ್‌ಪೂಲಿನ ದರಪಟ್ಟಿಯಲ್ಲೂ, ನಮ್ಮ ಹತ್ತಿಗೆ 'ಕುಮಟಾ' ಅಂತಲೇ ಹೆಸರು. ಇನ್ನೊಂದು 'ಧಾರವಾಡ ಅಮೆರಿಕನ್'. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ತರಿಸಿ ದೇಶದ ಹಲವು ಕಡೆ ಬಿತ್ತಿಸಿ ನೋಡಿತು. ಬಹಳ ಕಡೆ ಅದು ಹತ್ತಲಿಲ್ಲ. ನಮ್ಮ ಎರೆಯಲ್ಲಿ ಹತ್ತಿತು. ಹಾಗಾಗಿ 1861ರಲ್ಲಿ ಇಂಗ್ಲೆಂಡ್ ಹತ್ತಿಗೆ ಬಾಯಿ ಬಿಟ್ಟಾಗ ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಅದಕ್ಕಾಗಿ ಭೂಪಟವನ್ನೇ ಬದಲಾಯಿಸಿದರು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರವನ್ನು ಹತ್ತಿಯ ಬಂದರು ಮಾಡುವುದು, ಘಟ್ಟಕ್ಕೆ ರಸ್ತೆ ಕಡಿಯುವುದು ಅವರ ಯೋಜನೆ. ಉತ್ತರ ಕನ್ನಡದವರು ಮುಂದೆ 1956ರವರೆಗೆ ಮುಂಬಯಿ ಸರಕಾರದ ಕೆಳಗೆ ಬದುಕಿದ್ದಕ್ಕೆ ಹಿಂದಿನ ಕಾರಣ ಈ ಬಿಳಿ ಅರಳೆ.

ಬೆಲೆ ಏರಿದರೆ ಮೋಸವೂ ಏರುತ್ತದೆ ಅಲ್ವಾ? ಅಂಡಿಗೆಗೆ ಮರಳು, ಬೀಜ ಸೇರಿಸುವುದು, ತೂಕ ಬರಲಿ ಅಂತ ನೀರು ಚಿಮುಕಿಸುವುದು ಎಷ್ಟು ಜಾಸ್ತಿಯಾಯಿತೆಂದರೆ ಮುಂಬಯಿ ಸರಕಾರ 1863ರಲ್ಲಿ ಹತ್ತಿಯ ಮೋಸ ತಡೆಯಲೆಂದೇ ಕಾನೂನು ಮಾಡಿತು.

ಸ್ಟೇಷನ್ನಿನಿಂದ ದಕ್ಷಿಣಕ್ಕೆ ನಡೆದರೆ ಕಾಲು ಗಂಟೆಯಲ್ಲಿ ಹಾರ್ನಿಮನ್ ಸರ್ಕಲ್ ಬರುತ್ತದೆ. ದುಂಡನೆಯ ತೋಟ, ಸುತ್ತ ಒಂದೇ ಎತ್ತರದ ಕಮಾನು ಕಟ್ಟಡಗಳು, ಪೂರ್ವಕ್ಕೆ ಟೌನ್ ಹಾಲಿನ ಬಿಳಿ ಕಂಬಗಳು. ಮುಂಬಯಿಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಪ್ರವಾಸಿಗರ ಪಟ್ಟಿಯಲ್ಲಿ ಇದು ಯಾಕೋ ಕೊನೆಗೆ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ತೋಟದ ಒಳಗೆ ದೊಡ್ಡ ಮರಗಳ ನೆರಳು. ಬ್ಯಾಂಕಿನ ನೌಕರರು, ಕೊರಿಯರ್ ಹುಡುಗರು, ಬೆಂಚಿನ ಮೇಲೆ ನಿದ್ದೆ ಮಾಡುವವರು.

ಈ ತೋಟ ಆಗುವ ಮೊದಲು ಇದು ಬಯಲು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಹತ್ತಿಯ ಅಂಡಿಗೆಗಳನ್ನು ಗುಡ್ಡೆ ಹಾಕುತ್ತಿದ್ದರು. 1844ರಲ್ಲಿ ಆ ಮಾರುಕಟ್ಟೆ ಕೊಲಾಬಾಕ್ಕೆ ಹೋಯಿತು. 1860ರ ದಶಕದಲ್ಲಿ ಹತ್ತಿಯ ಹಣ ಉಕ್ಕುತ್ತಿದ್ದಾಗ ಈ ಬಯಲನ್ನು ತೋಟ ಮಾಡಿ ಸುತ್ತ ನಿವೇಶನ ಮಾರಿ ಕಟ್ಟಡ ಎಬ್ಬಿಸಿದರು. ಮೊದಲು ಎಲ್ಫಿನ್‌ಸ್ಟನ್ ಸರ್ಕಲ್, ಸ್ವಾತಂತ್ರ್ಯ ಬಂದ ಮೇಲೆ ಹಾರ್ನಿಮನ್ ಸರ್ಕಲ್. ಬೆಂಜಮಿನ್ ಹಾರ್ನಿಮನ್ ನಮ್ಮ ಸ್ವಾತಂತ್ರ್ಯದ ಪರ ಬರೆದ ಇಂಗ್ಲಿಷ್ ಪತ್ರಕರ್ತ. 1919ರಲ್ಲಿ ಬ್ರಿಟಿಷರೇ ಅವರನ್ನು ದೇಶದಿಂದ ಹೊರಗೆ ಹಾಕಿದ್ದರು.

ಟೌನ್ ಹಾಲಿನ ಮೆಟ್ಟಿಲ ಮೇಲೆ ಕುಳಿತೆ. 1833ರ ಕಟ್ಟಡ, ಒಳಗೆ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ. ಕಾಲೇಜು ಹುಡುಗ ಹುಡುಗಿಯರು ಪುಸ್ತಕ ಹಿಡಿದು ಅಲ್ಲಲ್ಲಿ ಕುಳಿತಿದ್ದರು. ಈ ಮೆಟ್ಟಿಲ ಮುಂದೆ ಇದ್ದ ಆಲದ ಮರದ ಕೆಳಗೆ 1850ರ ದಶಕದಲ್ಲಿ ಬೆರಳೆಣಿಕೆಯ ದಲ್ಲಾಳಿಗಳು ಸೇರಿ ಷೇರು ವ್ಯಾಪಾರ ಮಾಡುತ್ತಿದ್ದರು. ಹತ್ತಿಯ ಹಣ ಬಂದ ಮೇಲೆ ದಲ್ಲಾಳಿಗಳ ಸಂಖ್ಯೆ ಬೆಳೆದದ್ದೇ ಬೆಳೆದದ್ದು. ಕೈಯಲ್ಲಿ ಹಣ, ಹಾಕಲು ಜಾಗ ಬೇಕು. ದಿನಕ್ಕೊಂದು ಹೊಸ ಬ್ಯಾಂಕು, ಹೊಸ ಕಂಪನಿ. ಸಮುದ್ರ ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000 ರೂಪಾಯಿ ದಾಟಿತು. ಈ ಎಲ್ಲದರ ನಡುವೆ ಇದ್ದ ಹೆಸರು ಪ್ರೇಮಚಂದ್ ರಾಯಚಂದ್, ಸೂರತ್ ಮೂಲದ ಜೈನ ವ್ಯಾಪಾರಿ. ಅವನು ಮುಟ್ಟಿದ ಕಂಪನಿಯ ಬೆಲೆ ಏರುತ್ತದೆ ಅಂತ ಊರಿಗೆ ಊರೇ ನಂಬಿತ್ತು.

1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನೆ ಶರಣಾಯಿತು. ಆ ಸುದ್ದಿ ಮುಂಬಯಿ ಮುಟ್ಟಿದ ಮೇಲೆ ಹತ್ತಿ ಬೆಲೆ ಕುಸಿಯಿತು. ಷೇರು ವ್ಯವಹಾರಗಳ ಲೆಕ್ಕ ತೀರಿಸಬೇಕಾದ ದಿನ ಜುಲೈ 1. ತೀರಿಸಲು ಯಾರ ಹತ್ತಿರವೂ ಹಣ ಇರಲಿಲ್ಲ. ಬ್ಯಾಕ್ ಬೇ ಷೇರು 2,000 ರೂಪಾಯಿಗೂ ಕೆಳಗೆ ಬಂತು. ಬ್ಯಾಂಕುಗಳು ಮುಳುಗಿದವು. ಮರದ ಕೆಳಗಿನ ದಲ್ಲಾಳಿಗಳಲ್ಲಿ ಉಳಿದವರು ಮುಂದೆ 1875ರಲ್ಲಿ ಸಂಘ ಕಟ್ಟಿಕೊಂಡರು. ಅದೇ ಇವತ್ತಿನ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್. ಮೆಟ್ಟಿಲಿಂದ ಎದ್ದು ಐದು ನಿಮಿಷ ನಡೆದರೆ ಅದು ಇರುವ ದಲಾಲ್ ಸ್ಟ್ರೀಟ್.

ಇದೆಲ್ಲ ಮುಂಬಯಿಯ ಚರಿತ್ರೆಯಲ್ಲಿ ಚೆನ್ನಾಗಿ ದಾಖಲಾಗಿದೆ. ಯಾರು ಎಷ್ಟು ಕಳೆದುಕೊಂಡರು ಅಂತ ಹೆಸರು ಸಮೇತ ಇದೆ. ಅದೇ ಬೇಸಗೆಯಲ್ಲಿ ನವಲಗುಂದದಲ್ಲೋ ರೋಣದಲ್ಲೋ ಜೋಳ ಬಿಟ್ಟು ಹತ್ತಿ ಹಾಕಿದ್ದ ರೈತನ ಪಾಡು ಏನಾಯಿತು? ಅವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಹತ್ತಿಗೆ ಬೆಲೆ ಬಂದ ನಾಲ್ಕು ವರ್ಷ ಅವನ ಕೈಗೂ ಹಣ ಬಂತು, ಬೆಳ್ಳಿ ಬಂತು. ಆ ಬೆಲೆ ನೋಡಿ ಸಾಲ ಕೊಟ್ಟವರು ಬೆಲೆ ಬಿದ್ದ ಮೇಲೂ ಸಾಲ ಬಿಡಲಿಲ್ಲ. ಟೌನ್ ಹಾಲಿನ ಮೆಟ್ಟಿಲ ಮೇಲೆ ಕುಳಿತು ನನಗೆ ಬಹಳ ಹೊತ್ತು ಕಾಡಿದ್ದು ಇದೇ.

ಊಟಕ್ಕೆ ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಹೋದೆ. ಕ್ಯಾಶಿನಲ್ಲಿ ಕುಳಿತಿದ್ದ ಹಿರಿಯರು ಒಬ್ಬರ ಜತೆ ತುಳು, ಇನ್ನೊಬ್ಬರ ಜತೆ ಮರಾಠಿ, ನನ್ನ ಜತೆ ಕನ್ನಡ. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಇದೇ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ವಕೀಲರೂ ಅಧಿಕಾರಿಗಳೂ ಆದ ಕಥೆ ಬೇರೆಯೇ ಒಂದು ಬರಹಕ್ಕೆ ಆಗುವಷ್ಟಿದೆ. ಇಲ್ಲಿ ಮುಟ್ಟಿ ಬಿಡುತ್ತೇನೆ.

ಮಧ್ಯಾಹ್ನ ಫ್ಲೋರಾ ಫೌಂಟನ್ ಕಡೆಗೆ. ದಾರಿಯಲ್ಲಿ ಸೇಂಟ್ ಥಾಮಸ್ ಚರ್ಚ್ ಇದೆ, 1718ರದ್ದು, ಒಳಗೆ ತಂಪು. ಆಗ ಊರಿನ ಸುತ್ತ ಕೋಟೆ ಗೋಡೆ ಇತ್ತು. ಗವರ್ನರ್ ಬಾರ್ಟಲ್ ಫ್ರೇರ್ 1862ರಿಂದ ಆ ಗೋಡೆ ಕೆಡವಿಸಿದ. ಗೋಡೆ ಬಿದ್ದ ಜಾಗದಲ್ಲಿ ಅಗಲ ರಸ್ತೆ, ಮೈದಾನ, ಸರಕಾರಿ ಕಟ್ಟಡಗಳು ಬಂದವು. ಕೋಟೆಯ ಚರ್ಚ್ ಗೇಟ್ ಇದ್ದಲ್ಲಿ 1864ರಲ್ಲಿ ಕಾರಂಜಿ ನಿಂತಿತು. ಪಕ್ಕದಲ್ಲಿ ಸಂಯುಕ್ತ ಮಹಾರಾಷ್ಟ್ರ ಹೋರಾಟದಲ್ಲಿ ಪ್ರಾಣ ಕೊಟ್ಟವರ ಸ್ಮಾರಕ, ಹುತಾತ್ಮ ಚೌಕ. ಕಾರಂಜಿ ನೋಡುವವರು ಅದರ ಮುಂದೆಯೂ ಒಂದು ನಿಮಿಷ ನಿಲ್ಲಬೇಕು.

ಆಮೇಲೆ ಓವಲ್ ಮೈದಾನ. ದಿನದ ಉಳಿದ ಎಲ್ಲ ಜಾಗಗಳನ್ನು ಬಿಟ್ಟರೂ ಇದನ್ನು ಬಿಡಬೇಡಿ. ಮಧ್ಯದಲ್ಲಿ ಉದ್ದನೆಯ ಹುಲ್ಲಿನ ಬಯಲು, ಒಂದೇ ಹೊತ್ತಿಗೆ ಹತ್ತಾರು ಕ್ರಿಕೆಟ್ ಆಟ, ಒಬ್ಬರ ಚೆಂಡು ಇನ್ನೊಬ್ಬರ ಪಿಚ್‌ಗೆ. ಪೂರ್ವಕ್ಕೆ ಹೈಕೋರ್ಟ್, ವಿಶ್ವವಿದ್ಯಾಲಯ, ಗಾಥಿಕ್ ಗೋಪುರಗಳ ಸಾಲು. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೊ ಮನೆಗಳು, ದುಂಡು ಬಾಲ್ಕನಿ, ತಿಳಿ ಬಣ್ಣ. ಎರಡನ್ನೂ ಸೇರಿಸಿ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಹಾಕಿದ್ದಾರೆ. ಒಂದು ಮಗ್ಗುಲಲ್ಲಿ ಹತ್ತಿಯ ಕಾಲದ ಮುಂಬಯಿ. ಇನ್ನೊಂದು ಮಗ್ಗುಲಲ್ಲಿ, 1865ರಲ್ಲಿ ಮುಳುಗಿದ ಸಮುದ್ರ ತುಂಬುವ ಕನಸನ್ನು ಅರ್ಧ ಶತಮಾನದ ಮೇಲೆ ಮತ್ತೆ ಕೈಗೆತ್ತಿಕೊಂಡ ಮುಂಬಯಿ.

ಇಲ್ಲಿ ನಿಂತರೆ ಕಣ್ಣು ತಾನಾಗಿ ರಾಜಾಬಾಯಿ ಗೋಪುರದ ಮೇಲೆ ಹೋಗುತ್ತದೆ. ಸುಮಾರು 85 ಮೀಟರ್ ಎತ್ತರ. ನಕ್ಷೆ ಮಾಡಿದ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲೇ ಕುಳಿತು ಬಿಡಿಸಿದ, ಮುಂಬಯಿಗೆ ಬರಲೇ ಇಲ್ಲ. ಹಣ ಕೊಟ್ಟಿದ್ದು ಪ್ರೇಮಚಂದ್ ರಾಯಚಂದ್, ಹತ್ತಿಯ ಹಣ ಉಕ್ಕುತ್ತಿದ್ದ ಕಾಲದಲ್ಲಿ. ಗ್ರಂಥಾಲಯಕ್ಕೆ ಎರಡು ಲಕ್ಷ, ಗೋಪುರಕ್ಕೆ ಎರಡು ಲಕ್ಷ. ಗೋಪುರಕ್ಕೆ ತಾಯಿಯ ಹೆಸರು ಇಡಬೇಕು ಅಂತ ಕೇಳಿಕೊಂಡ. ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಜೈನ ಧರ್ಮದಂತೆ ಕತ್ತಲಾಗುವ ಮೊದಲು ಊಟ ಮುಗಿಸಬೇಕಿತ್ತು, ಗಂಟೆಯ ಸದ್ದಿನಿಂದ ಆಕೆಗೆ ಹೊತ್ತು ತಿಳಿಯಲಿ ಅಂತ ಮಗ ಹೀಗೆ ಮಾಡಿದ ಎಂದು ಊರಿನವರು ಹೇಳುತ್ತಾರೆ. ಅವನ ಸಾಮ್ರಾಜ್ಯ 1865ರಲ್ಲಿ ಕುಸಿಯಿತು, ಆದರೆ ಗೋಪುರ 1878ರಲ್ಲಿ ಮುಗಿಯಿತು. ಈವತ್ತಿಗೂ ಕಾಲು ಗಂಟೆಗೊಮ್ಮೆ ಸದ್ದು ಮಾಡುತ್ತದೆ.

ಮೇಲೆ ಹತ್ತಲು ಬಿಡುವುದಿಲ್ಲ. ಕೆಳಗಿನಿಂದ ನೋಡುವಾಗ ಒಂದು ಸಣ್ಣ ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ನಾನು ಅದಕ್ಕೆಂದೇ ತಂದಿದ್ದೆ. ಗೋಪುರದ ಮೂಲೆ ಗೂಡುಗಳಲ್ಲಿ ಪಶ್ಚಿಮ ಭಾರತದ ಬೇರೆ ಬೇರೆ ಸಮುದಾಯದ ಜನರ ಕಲ್ಲಿನ ಮೂರ್ತಿಗಳಿವೆ. ಒಬ್ಬೊಬ್ಬರದು ಒಂದೊಂದು ಬಗೆಯ ರುಮಾಲು, ಒಂದೊಂದು ಬಗೆಯ ನಿಲುವು. ಬಿಸಿಲು ಓರೆಯಾಗಿ ಬಿದ್ದಾಗ ರುಮಾಲಿನ ಒಂದೊಂದು ಸುತ್ತೂ ಬೇರೆಬೇರೆಯಾಗಿ ಕಾಣುತ್ತದೆ. ಇಂಗ್ಲಿಷರ ಕಟ್ಟಡದ ಮೇಲೆ ಸಂತರು, ರಾಜರು ನಿಲ್ಲುವ ಜಾಗದಲ್ಲಿ ಇಲ್ಲಿಯ ಜನ ನಿಂತಿದ್ದಾರೆ. ನನಗೆ ಇದು ತುಂಬ ಹಿಡಿಸಿತು. ಹತ್ತಿ ತಂದವರ ಪೈಕಿ ಯಾರೋ ಒಬ್ಬರು, ಎತ್ತಿನ ಹಿಂದೆ ಘಟ್ಟ ಇಳಿದವರು, ಆ ಗೂಡುಗಳಲ್ಲಿ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಈ ಸಾಲಿನ ಎರಡು ಕಟ್ಟಡಗಳ ಜತೆ ನಮ್ಮ ಸಂಬಂಧ ಹತ್ತಿಗಿಂತಲೂ ಮುಂದಕ್ಕೆ ಹೋಗುತ್ತದೆ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಶುರುವಾದಾಗ ಅದು ಸೇರಿದ್ದು ಈ ಮುಂಬಯಿ ವಿಶ್ವವಿದ್ಯಾಲಯಕ್ಕೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರುವವರೆಗೆ ನಮ್ಮ ಕಡೆಯ ಪದವಿ ಪತ್ರಗಳ ಮೇಲೆ ಇಲ್ಲಿಯ ಮುದ್ರೆ. ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರದ ಜಮೀನು ವ್ಯಾಜ್ಯಗಳ ಮೇಲ್ಮನವಿ ಬರುತ್ತಿದ್ದದ್ದು ಪಕ್ಕದ ಹೈಕೋರ್ಟಿಗೆ. ಎಷ್ಟು ಜನ ಬುತ್ತಿ ಕಟ್ಟಿಕೊಂಡು, ಕಾಗದದ ಗಂಟು ಹಿಡಿದು ಈ ಮೈದಾನದ ಅಂಚಿನಲ್ಲಿ ವಕೀಲರಿಗಾಗಿ ಕಾದಿರಬೇಕು. ಹೈಕೋರ್ಟಿನ ಒಂದು ಕಂಬದ ಮೇಲೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಕ್ಕಡಿ ಹಿಡಿದ ಮಂಗದ ಕೆತ್ತನೆ ಇದೆಯಂತೆ. ಅದನ್ನು ಅವರಲ್ಲಿ ಯಾರಾದರೂ ನೋಡಿದ್ದರೋ ಏನೋ.

ಕಾಲಾ ಘೋಡಾ ದಾಟಿ ಗೇಟ್‌ವೇವರೆಗೆ ಹೋದೆ, ಅಷ್ಟು ಹತ್ತಿರ ಬಂದು ಬಿಡುವುದು ಹೇಗೆ. 1911ರಲ್ಲಿ ಇಂಗ್ಲೆಂಡಿನ ರಾಜ ಬಂದದ್ದರ ನೆನಪಿಗೆ ಕಟ್ಟಿದ್ದು, ಮುಗಿದದ್ದು 1924ರಲ್ಲಿ. 1948ರ ಫೆಬ್ರುವರಿ 28ರಂದು ಕೊನೆಯ ಬ್ರಿಟಿಷ್ ಪಡೆ ಇದರ ಕೆಳಗೇ ನಡೆದು ಹಡಗು ಹತ್ತಿತು. ಚೆಂದ ಇದೆ, ಜನ ಬಹಳ. ಹತ್ತಿಯ ಕಥೆಗೆ ಇದು ಹೊರಗಿನದು, ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಸಂಜೆಗೆ ಸಿಎಸ್‌ಎಂಟಿಗೆ ವಾಪಸ್ ಬಂದು ಹಾರ್ಬರ್ ಲೈನಿನ ಲೋಕಲ್ ಹಿಡಿದೆ. ಮಸ್ಜಿದ್, ಸ್ಯಾಂಡ್‌ಹರ್ಸ್ಟ್ ರೋಡ್, ಡಾಕ್‌ಯಾರ್ಡ್ ರೋಡ್, ರೇ ರೋಡ್, ಆಮೇಲೆ ಕಾಟನ್ ಗ್ರೀನ್. ಕೊಲಾಬಾದಿಂದ ಹತ್ತಿಮಾರುಕಟ್ಟೆ ಇಪ್ಪತ್ತನೇ ಶತಮಾನದಲ್ಲಿ ಇಲ್ಲಿಗೆ ಬಂತು. ಹೊರಗೆ ಹತ್ತಿಯ ಎಕ್ಸ್‌ಚೇಂಜ್ ಕಟ್ಟಡ, ಅದರ ಹಿಂದೆ ಸಾಲು ಸಾಲು ಹಳೆಯ ಗೋದಾಮು. ಪ್ರವಾಸಿ ಅನ್ನುವವನು ನಾನೊಬ್ಬನೇ ಇದ್ದೆ. ಗೋದಾಮಿನ ಬಾಗಿಲುಗಳು ಲಾರಿ ಹಿಂದಕ್ಕೆ ಬಂದು ನಿಲ್ಲುವಷ್ಟು ಅಗಲ.

ಪಶ್ಚಿಮಕ್ಕೆ ಪರೇಲ್, ಲಾಲ್‌ಬಾಗ್, ಅಂದರೆ ಗಿರಣಗಾಂವ್, ಗಿರಣಿಗಳ ಊರು. ಮುಂಬಯಿಯ ಮೊದಲ ಹತ್ತಿ ಗಿರಣಿಯನ್ನು ಕವಾಸ್‌ಜಿ ದಾವರ್ 1854ರಲ್ಲಿ ಸ್ಥಾಪಿಸಿದರು. ಹತ್ತಿಯ ಏರುಪೇರಿನ ಕಾಲ ಕಳೆದ ಮೇಲೆ ಗಿರಣಿಗಳ ಸಾಲು ಬೆಳೆಯಿತು. ಹತ್ತಿ ಲಂಕಾಶೈರ್‌ಗೆ ಹೋಗುವ ಬದಲು ಇಲ್ಲಿಯೇ ನೂಲಾಯಿತು, ಬಟ್ಟೆಯಾಯಿತು. ಕೊಂಕಣ, ಸಾತಾರಾ, ಕೊಲ್ಹಾಪುರದಿಂದ ಬಂದವರು ಚಾಳುಗಳಲ್ಲಿ ಒಂದೊಂದು ಖೋಲಿಯಲ್ಲಿ ಹತ್ತು ಹತ್ತು ಜನ ಪಾಳಿಯ ಮೇಲೆ ಮಲಗಿ ಈ ಗಿರಣಿಗಳನ್ನು ನಡೆಸಿದರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಮುಷ್ಕರ ಗೆಲ್ಲಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ನೆಲದ ಮೇಲೆ ಈಗ ಮಾಲ್, ಗಾಜಿನ ಆಫೀಸು, ಐವತ್ತು ಅರವತ್ತು ಮಹಡಿಯ ಮನೆಗಳು. ಎಷ್ಟೋ ಕಡೆ ಚಿಮಣಿ ಒಂದನ್ನೇ ಉಳಿಸಿದ್ದಾರೆ. ಕೆಲಸ ಕಳೆದುಕೊಂಡವರಿಗೆ ಆ ನೆಲದಲ್ಲಿ ಮನೆ ಸಿಗಬೇಕು ಅನ್ನುವ ಕೂಗು ಇನ್ನೂ ನಿಂತಿಲ್ಲ, ನಿಲ್ಲಲೂ ಬಾರದು. ಚಿಮಣಿ ಉಳಿಸುವ ಮನಸ್ಸಿದ್ದವರಿಗೆ ಅದರ ಕೆಳಗೆ ದುಡಿದವರ ಮನೆ ಕಟ್ಟಿಸುವ ಮನಸ್ಸೂ ಇರಬೇಕಿತ್ತು.

ಇದೇ ದಾರಿ ಹಿಡಿಯುವವರಿಗೆ ಒಂದೆರಡು ಮಾತು. ಸಸೂನ್ ಡಾಕ್‌ಗೆ ಬೆಳಿಗ್ಗೆ ಆರಕ್ಕೆ ಮೊದಲೇ ಹೋಗಿ, ಹಳೆಯ ಚಪ್ಪಲಿ ಹಾಕಿಕೊಳ್ಳಿ. ಫೋರ್ಟಿನ ಭಾಗವನ್ನು ಪೂರ್ತಿ ಕಾಲ್ನಡಿಗೆಯಲ್ಲೇ ಮಾಡಿ. ಓವಲ್‌ಗೆ ಮಧ್ಯಾಹ್ನ ಮೂರರ ಮೇಲೆ ಬನ್ನಿ, ಆಗ ಪಶ್ಚಿಮದ ಬಿಸಿಲು ಗೋಪುರದ ಮುಖಕ್ಕೆ ಬೀಳುತ್ತದೆ. ಮಕ್ಕಳು ಜತೆಗಿದ್ದರೆ, ಅದರಲ್ಲೂ ಹುಬ್ಬಳ್ಳಿ, ಗದಗ, ರಾಣೆಬೆನ್ನೂರಿನ ಕಡೆಯವರಾದರೆ, ಗೋಪುರದ ಕೆಳಗೆ ನಿಂತು ಅವರಿಗೆ ಕುಮಟಾ ಹತ್ತಿಯ ಕಥೆ ಹೇಳಿ.

ನನಗೆ ಇನ್ನು ಆ ದಾರಿಯ ಇನ್ನೊಂದು ತುದಿ ನೋಡುವುದು ಬಾಕಿ. ಮಳೆ ನಿಂತ ಮೇಲೆ ಹುಬ್ಬಳ್ಳಿಯಿಂದ ಶಿರಸಿಗೆ ಹೋಗಿ, ದೇವಿಮನೆ ಘಟ್ಟ ಇಳಿದು ಕುಮಟೆ ಸೇರಬೇಕು. ರೈಲು ಬಂದ ಮೇಲೆ ಕುಮಟೆಯ ಹತ್ತಿ ವ್ಯಾಪಾರ ಇಳಿದುಹೋಯಿತು. ಆದರೆ ಹಳೆಯ ಬಂದರಿನ ಹತ್ತಿರ ಗೋದಾಮಿನ ಗೋಡೆಯೋ, ಮಚವೆ ನಡೆಸಿದ ಮನೆತನದ ಯಾರೋ ಹಿರಿಯರೋ ಇನ್ನೂ ಇರಬಹುದು. ಅವರನ್ನು ಹುಡುಕಿ, ಅಂಡಿಗೆ ಎಲ್ಲಿ ಇಳಿಸುತ್ತಿದ್ದರು ಅಂತ ಕೇಳುವುದಿದೆ.